ಫೀಚರ್ ಮಾಡೆಲ್‌ಗೆ ಒಂದು ನಿರ್ಬಂಧ ಸೇರಿಸಿದ ಮೇಲೆ ‘ಲೋಪವರ್’ ಸತ್ತ ಫೀಚರ್ ಎಂದು ಬರುತ್ತಿದೆ. ಯಾಕೆ? ಯಾವ ವೇರಿಯಂಟ್‌ಗಳನ್ನು ಟೆಸ್ಟ್ ಮಾಡಬೇಕು?

ಕವಲು_ಕೋಡು ಕೇಳಿದ್ದು:

ಡೇಟಾ ಲಾಗರ್ ಫರ್ಮ್‌ವೇರ್ ಒಂದರ ಪ್ರಾಡಕ್ಟ್ ಲೈನ್ (ಒಂದೇ ಕೋಡ್‌ನಿಂದ ಬೇಕಾದ ಫೀಚರ್ ಆರಿಸಿ ಹಲವು ಉತ್ಪನ್ನ, ಅಂದರೆ ವೇರಿಯಂಟ್, ಹುಟ್ಟಿಸುವ ಪದ್ಧತಿ). ಬಿಲ್ಡ್ ಆಗುವುದು ಕೆಕಾನ್ಫಿಗ್‌ನಿಂದ (ಲಿನಕ್ಸ್ ಕರ್ನಲ್ ಬಳಸುವ, ಬಿಲ್ಡ್ ಆಯ್ಕೆಗಳನ್ನು ಬರೆಯುವ ಭಾಷೆ). ಅದೇ ಮಾಡೆಲನ್ನು, ಅಂದರೆ ಯಾವ ಫೀಚರ್‌ಗಳು ಒಟ್ಟಿಗೆ ಬರಬಹುದು ಎಂಬ ಮರವನ್ನೂ ನಿಯಮಗಳನ್ನೂ, ಯುವಿಎಲ್‌ನಲ್ಲೂ (ಫೀಚರ್ ಮಾಡೆಲ್ ಬರೆಯುವ ಭಾಷೆ) ಕೈಯಿಂದ ಬರೆದು ಫೀಚರ್‌ಐಡಿಇಯಲ್ಲಿ (ಅದನ್ನು ವಿಶ್ಲೇಷಿಸುವ ಟೂಲ್) ತೆರೆದು ನೋಡುವ ಪದ್ಧತಿ ಇದೆ. ಒಟ್ಟು ಅರವತ್ತಕ್ಕೂ ಹೆಚ್ಚು ಫೀಚರ್‌ಗಳಿವೆ. ತೊಂದರೆ ಕೊಡುತ್ತಿರುವ ಭಾಗ ಇಷ್ಟು:

ಲಾಗರ್
— ಕಡ್ಡಾಯ: ಸಂಗ್ರಹ → ಒಂದೇ ಒಂದು: ಫ್ಲ್ಯಾಶ್, ಎಸ್‌ಡಿಕಾರ್ಡ್
— ಕಡ್ಡಾಯ: ಸಂಪರ್ಕ → ಕನಿಷ್ಠ ಒಂದು: ಬ್ಲೂಟೂತ್, ವೈಫೈ, ಸೆಲ್ಯುಲಾರ್
— ಐಚ್ಛಿಕ: ಒಟಿಎ (ದೂರದಿಂದಲೇ ಫರ್ಮ್‌ವೇರ್ ಅಪ್‌ಡೇಟ್), ಎನ್‌ಕ್ರಿಪ್ಶನ್, ಡಿಸ್‌ಪ್ಲೇ, ಲೋಪವರ್

ನಿರ್ಬಂಧಗಳು (⇒ ‘ಇದ್ದರೆ ಇರಬೇಕು’, ∨ ‘ಅಥವಾ’, ∧ ‘ಮತ್ತು’, ¬ ‘ಇಲ್ಲ’):
1. ಒಟಿಎ ⇒ ಎನ್‌ಕ್ರಿಪ್ಶನ್
2. ಒಟಿಎ ⇒ (ವೈಫೈ ∨ ಸೆಲ್ಯುಲಾರ್)
3. ಲೋಪವರ್ ⇒ ¬ವೈಫೈ
4. ಲೋಪವರ್ ⇒ ¬ಡಿಸ್‌ಪ್ಲೇ
5. ಸಂಪರ್ಕ ⇒ ವೈಫೈ

ಐದನೆಯದು ಹೊಸದು. ಪ್ರೊವಿಷನಿಂಗ್ ಕೋಡ್ (ಸಾಧನವನ್ನು ಮೊದಲ ಸಲ ಬಳಕೆಗೆ ಸಜ್ಜುಗೊಳಿಸುವುದು) ‘ಸಂಪರ್ಕ’ ಮಾಡ್ಯೂಲ್‌ನೊಳಗೆ ಬಂದ ಮೇಲೆ ವೈಫೈ ಇಲ್ಲದ ಬಿಲ್ಡ್‌ಗಳು ಲಿಂಕ್ ಹಂತದಲ್ಲಿ ಬೀಳುತ್ತಿದ್ದವು. ಅದಕ್ಕೆ ಕೆಕಾನ್ಫಿಗ್‌ನಲ್ಲಿ ಸಂಪರ್ಕದ ಕೆಳಗೆ ‘ಸೆಲೆಕ್ಟ್ ವೈಫೈ’ ಬರೆದು, ಯುವಿಎಲ್‌ನಲ್ಲಿ ಈ ಸಾಲು ಸೇರಿಸಲಾಯಿತು. ಲಿಂಕ್ ದೋಷ ಹೋಯಿತು. ಈಗ ಲೋಪವರ್ ಸತ್ತಿದೆ (ಯಾವ ಉತ್ಪನ್ನದಲ್ಲೂ ಆರಿಸಲಾಗದು), ವೈಫೈ ‘ಹುಸಿ ಐಚ್ಛಿಕ’ ಎಂದು ಟೂಲ್ ತೋರಿಸುತ್ತಿದೆ.

ಕೇಳಬೇಕಿರುವುದು ಮೂರು. ಲೋಪವರ್ ಬಗ್ಗೆ ಐದನೇ ಸಾಲು ಏನೂ ಹೇಳುವುದಿಲ್ಲವಲ್ಲ, ಅದು ಹೇಗೆ ಸತ್ತಿತು? ಕೋಡ್‌ನಲ್ಲಿರುವ #ಇಫ್‌ಡೆಫ್‌ಗಳು (ಫೀಚರ್ ಆನ್ ಇದ್ದರೆ ಮಾತ್ರ ಆ ಭಾಗ ಕಂಪೈಲ್ ಮಾಡಿಸುವ ಸಾಲುಗಳು) ಮಾಡೆಲ್ ಜೊತೆ ಹೊಂದುತ್ತಿವೆಯೇ ಎಂದು ನೋಡುವುದು ಹೇಗೆ? ಎಲ್ಲ ವೇರಿಯಂಟ್ ಟೆಸ್ಟ್ ಮಾಡಲು ಆಗದಿದ್ದರೆ ಯಾವುದನ್ನು ಆರಿಸಬೇಕು?

ತರ್ಕಜಾಲ:

ಮೊದಲ ಪ್ರಶ್ನೆಗೆ ಉತ್ತರ ಮೂರು ಹೆಜ್ಜೆಯಲ್ಲಿದೆ. ಲಾಗರ್ ಇದ್ದರೆ ಸಂಪರ್ಕ ಇರಲೇಬೇಕು, ಅದು ಕಡ್ಡಾಯ. ಸಂಪರ್ಕ ಇದ್ದರೆ ವೈಫೈ ಇರಬೇಕು, ಅದು ನಿಮ್ಮ 5. ಲೋಪವರ್ ಇದ್ದರೆ ವೈಫೈ ಇರಬಾರದು, ಅದು 3. ಈ ಮೂರನ್ನೂ ಒಪ್ಪಿಕೊಂಡು ಲೋಪವರ್ ಆರಿಸುವ ದಾರಿಯೇ ಇಲ್ಲ. ಕಡ್ಡಾಯ ಫೀಚರ್ ಎಡಗಡೆ ಇರುವ ಯಾವುದೇ ‘⇒’ ನಿರ್ಬಂಧ ನಿಜಕ್ಕೂ ನಿರ್ಬಂಧವಲ್ಲ, ಬಲಗಡೆಯದನ್ನೂ ಕಡ್ಡಾಯ ಮಾಡುವ ಘೋಷಣೆ. ಹಾಗಾಗಿಯೇ ವೈಫೈ ‘ಹುಸಿ ಐಚ್ಛಿಕ’: ಚಿತ್ರದಲ್ಲಿ ಆಯ್ಕೆಯಂತೆ ಕಾಣುತ್ತದೆ, ಆದರೆ ಪ್ರತಿ ಉತ್ಪನ್ನದಲ್ಲೂ ಇದ್ದೇ ಇರುತ್ತದೆ.

ಲೆಕ್ಕ ಹಾಕಿದರೆ ನಷ್ಟ ಕಣ್ಣಿಗೆ ಕಾಣುತ್ತದೆ. ನಿರ್ಬಂಧಗಳೇ ಇಲ್ಲದಿದ್ದರೆ ಸಂಗ್ರಹಕ್ಕೆ 2, ಸಂಪರ್ಕಕ್ಕೆ 7 (ಮೂರರ ಉಪಗುಂಪು 8, ಖಾಲಿ ಬಿಟ್ಟರೆ 7), ನಾಲ್ಕು ಐಚ್ಛಿಕಕ್ಕೆ 16, ಒಟ್ಟು 224. ಒಂದರಿಂದ ನಾಲ್ಕರವರೆಗಿನ ನಿರ್ಬಂಧ ಹಾಕಿದರೆ 96. ಲೋಪವರ್ ಇಲ್ಲದಾಗ ಬ್ಲೂಟೂತ್ ಮಾತ್ರ ಇರುವ ಕಡೆ ಒಟಿಎ–ಎನ್‌ಕ್ರಿಪ್ಶನ್ ಜೋಡಿಗೆ 2 ದಾರಿ, ಉಳಿದ ಆರು ಕಡೆ ತಲಾ 3, ಒಟ್ಟು 20. ಡಿಸ್‌ಪ್ಲೇ ಸೇರಿ 40. ಲೋಪವರ್ ಇದ್ದಾಗ ವೈಫೈ ಇಲ್ಲದ ಮೂರು ಸಂಯೋಜನೆಗೆ 2+3+3, ಅಂದರೆ 8. ಈ 48ಕ್ಕೆ ಸಂಗ್ರಹದ 2 ಗುಣಿಸಿ. ಐದನೆಯದನ್ನೂ ಹಾಕಿದರೆ ಉಳಿಯುವುದು 48. ಅರ್ಧಕ್ಕರ್ಧ ಉತ್ಪನ್ನಗಳು ಒಂದು ಸಾಲಿಗೆ ಹೋದವು. ಜೊತೆಗೆ 2 ಮತ್ತು 4 ಈಗ ವ್ಯರ್ಥ: ವೈಫೈ ಯಾವಾಗಲೂ ಇರುವುದರಿಂದ 2 ತಾನಾಗಿ ನಿಜ, ಲೋಪವರ್ ಎಂದೂ ಬರದಿರುವುದರಿಂದ 4 ಯಾರನ್ನೂ ತಡೆಯುವುದಿಲ್ಲ. ಟೂಲ್ ‘ಅನಗತ್ಯ ನಿರ್ಬಂಧ’ ಎಂದು ಅವನ್ನೂ ತೋರಿಸುತ್ತಿರಬೇಕು. ದಯವಿಟ್ಟು ಅಳಿಸಬೇಡಿ. ಐದನ್ನು ತೆಗೆದ ಕೂಡಲೇ ಅವು ಮತ್ತೆ ಬೇಕಾಗುತ್ತವೆ.

ಟೂಲ್ ಒಳಗೆ ನಡೆಯುವುದೂ ಸರಳ. ಮಾಡೆಲ್ ಪೂರ್ತಿ ಒಂದು ತರ್ಕ ಸೂತ್ರವಾಗುತ್ತದೆ: ಮಗು ಇದ್ದರೆ ಅಪ್ಪ ಇರಬೇಕು, ಕಡ್ಡಾಯವಾದರೆ ಅಪ್ಪ ಇದ್ದಲ್ಲಿ ಮಗುವೂ, ‘ಕನಿಷ್ಠ ಒಂದು’ ಗುಂಪಿಗೆ ಒಂದು ಉದ್ದ ‘ಅಥವಾ’, ‘ಒಂದೇ ಒಂದು’ ಗುಂಪಿಗೆ ಅದರ ಮೇಲೆ ಪ್ರತಿ ಜೋಡಿಗೂ ಒಂದು ‘ಎರಡೂ ಬೇಡ’, n ಮಕ್ಕಳಿಗೆ n(n−1)/2. ಈ ಸೂತ್ರ F ಆದರೆ, F ∧ ಲೋಪವರ್ ಗೆ ಉತ್ತರವಿಲ್ಲದಿದ್ದರೆ (ಸೂತ್ರ ನಿಜವಾಗುವ ಆಯ್ಕೆಯೇ ಇಲ್ಲದಿದ್ದರೆ) ಲೋಪವರ್ ಸತ್ತಿದೆ. F ∧ ¬ವೈಫೈ ಗೆ ಉತ್ತರವಿಲ್ಲದಿದ್ದರೆ ವೈಫೈ ಎಲ್ಲ ಕಡೆ ಇದೆ. F ಗೇ ಉತ್ತರವಿಲ್ಲದಿದ್ದರೆ ಮಾಡೆಲ್ ಪೊಳ್ಳು, ಒಂದು ಉತ್ಪನ್ನವೂ ಹುಟ್ಟುವುದಿಲ್ಲ. ಸ್ಯಾಟ್ ಸಾಲ್ವರ್‌ಗೆ (ಇಂಥ ಸೂತ್ರಕ್ಕೆ ಉತ್ತರ ಹುಡುಕುವ ಪ್ರೋಗ್ರಾಂ) ಪ್ರತಿ ಫೀಚರ್‌ಗೆ ಹೆಚ್ಚೆಂದರೆ ಎರಡು ಪ್ರಶ್ನೆ. ಸಿಕ್ಕ ಪ್ರತಿ ಉತ್ತರದಿಂದ ಎಷ್ಟೋ ಪ್ರಶ್ನೆಗಳು ಕೇಳದೆಯೇ ಇತ್ಯರ್ಥವಾಗುತ್ತವೆ. ಒಮ್ಮೆ ಆನ್ ಆಗಿ ಕಂಡ ಫೀಚರ್ ಸತ್ತಿಲ್ಲ ತಾನೇ. ಸಾವಿರಾರು ಫೀಚರ್ ಇದ್ದರೂ ಇದು ಬೇಗ ಮುಗಿಯುತ್ತದೆ. ನಿಜವಾಗಿ ಭಾರವಾಗುವುದು ಉತ್ಪನ್ನಗಳ ಎಣಿಕೆ. ಅದಕ್ಕೆ ಬಿಡಿಡಿ (ಸೂತ್ರವನ್ನು ಹೌದು–ಇಲ್ಲ ಕವಲುಗಳ ಚಿತ್ರವಾಗಿ ಇಡುವ ರಚನೆ) ಅಥವಾ ಎಣಿಸುವ ಸಾಲ್ವರ್ ಬೇಕು.

ಕಾರಣ ಹುಡುಕುವಾಗ ‘ಸತ್ತಿದೆ’ ಎಂಬ ತೀರ್ಪನ್ನಷ್ಟೇ ನೋಡದೆ, ವಿರೋಧ ಹುಟ್ಟಿಸುವ ಅತಿ ಚಿಕ್ಕ ನಿರ್ಬಂಧಗಳ ಗುಂಪನ್ನು ಕೇಳಿ. ಫೀಚರ್‌ಐಡಿಇಯಲ್ಲಿ ಸತ್ತ ಫೀಚರ್ ಮೇಲೆ ಮೌಸ್ ಇಟ್ಟರೆ ಆ ವಿವರಣೆ ಬರುತ್ತದೆ. ಇಲ್ಲಿ ಮೂರೇ ಸಾಲು. ಅರವತ್ತು ಫೀಚರ್‌ಗಳ ಮಾಡೆಲ್‌ನಲ್ಲಿ ಅದು ಎಂಟು ಹತ್ತು ಸಾಲಿಗೆ ಹೋದರೆ ಕಣ್ಣಲ್ಲಿ ಹುಡುಕಲು ಆಗದು.

ಬಿಲ್ಡ್_ಬಡಗಿ:

ಕಾರಣ ಮೇಲೆ ಬಂದಿದೆ. ಆದರೆ ಐದನೇ ಸಾಲು ಅಲ್ಲಿ ಇರಲೇಬಾರದು. ‘ಸಂಪರ್ಕ ಬೇಕಾದರೆ ವೈಫೈ ಬೇಕು’ ಎನ್ನುವುದು ಲಾಗರ್ ಬಗ್ಗೆ ಇರುವ ಸತ್ಯವಲ್ಲ. ಒಂದು ಫೈಲ್ ಇನ್ನೊಂದು ಫೈಲ್‌ನ ಫಂಕ್ಷನ್ ಕರೆಯುತ್ತದೆ ಎಂಬ ಕೋಡ್‌ನ ಸಂಗತಿ. ಲಿಂಕ್ ದೋಷಕ್ಕೆ ಮಾಡೆಲ್ ತಿದ್ದುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ.

ಸರಿಪಡಿಸಲು: ಪ್ರೊವಿಷನಿಂಗ್‌ನ ತರ್ಕವನ್ನೂ ಸಾಗಣೆಯನ್ನೂ ಬೇರೆ ಮಾಡಿ. ಮೊದಲನೆಯ ಫೈಲ್ ಫಂಕ್ಷನ್ ಪಾಯಿಂಟರ್‌ಗಳ ಟೇಬಲ್ ಒಂದನ್ನಷ್ಟೇ ನೋಡಲಿ. ವೈಫೈ ಸಾಗಣೆಯ ಫೈಲ್ ಬೇರೆ ಇರಲಿ, ವೈಫೈ ಆನ್ ಇದ್ದಾಗ ಮಾತ್ರ ಮೇಕ್‌ಫೈಲ್ ಅದನ್ನು ಸೇರಿಸಲಿ, ಅದು ಆರಂಭದಲ್ಲಿ ತನ್ನನ್ನು ಟೇಬಲ್‌ಗೆ ನೋಂದಾಯಿಸಲಿ. ಬ್ಲೂಟೂತ್‌ಗೂ ಹಾಗೆಯೇ. ‘ಹೆಡರ್‌ನಲ್ಲಿ ಖಾಲಿ ಇನ್‌ಲೈನ್ ಫಂಕ್ಷನ್ ಹಾಕಿದರೆ ಮುಗಿಯಿತಲ್ಲ’ ಎಂದು ಯಾರಾದರೂ ಹೇಳುತ್ತಾರೆ. ಲಿಂಕ್ ಏನೋ ಆಗುತ್ತದೆ. ಆದರೆ ಸೆಲ್ಯುಲಾರ್ ಮಾತ್ರ ಇರುವ ಉತ್ಪನ್ನದಲ್ಲಿ ಪ್ರೊವಿಷನಿಂಗ್ ಸದ್ದಿಲ್ಲದೆ ಏನೂ ಮಾಡದೆ ಹಿಂತಿರುಗುತ್ತದೆ, ದೋಷ ಲಿಂಕರ್‌ನಿಂದ ತಪ್ಪಿಸಿಕೊಂಡು ಬಳಕೆದಾರರ ಕೈಗೆ ಹೋಗುತ್ತದೆ. ಪ್ರೊವಿಷನಿಂಗ್ ನಿಜಕ್ಕೂ ವೈಫೈಯಲ್ಲೇ ಆಗಬೇಕಾದರೆ ಅದಕ್ಕೊಂದು ಐಚ್ಛಿಕ ಫೀಚರ್ ಕೊಟ್ಟು ‘ಪ್ರೊವಿಷನಿಂಗ್ ⇒ ವೈಫೈ’ ಎಂದು ಬರೆಯಿರಿ. ಎಡಗಡೆ ಐಚ್ಛಿಕ ಬಂದದ್ದರಿಂದ ಯಾರೂ ಸಾಯುವುದಿಲ್ಲ.

ಹಾಗೆಯೇ 3ನ್ನೂ ಒಮ್ಮೆ ವಿಚಾರಿಸಿ. ಲೋಪವರ್ ಜೊತೆ ವೈಫೈ ಬಿಲ್ಡ್‌ನಲ್ಲೇ ಇರಬಾರದೇ, ಅಥವಾ ನಿದ್ರೆಯಲ್ಲಿರುವಾಗ ವೈಫೈ ಆಫ್ ಇದ್ದರೆ ಸಾಕೇ? ಎರಡನೆಯದಾದರೆ ಅದು ರನ್‌ಟೈಮ್ ನಿಯಮ, ಪವರ್ ಮ್ಯಾನೇಜರ್‌ನ ಕೋಡ್‌ಗೆ ಸೇರಿದ್ದು. ಕಂಪೈಲ್ ವೇಳೆಗೆ ತೀರ್ಮಾನವಾಗುವುದು, ಬೂಟ್ ಆಗುವಾಗ ಆಗುವುದು, ಓಡುತ್ತಿರುವಾಗ ಬದಲಾಗುವುದು, ಈ ಮೂರನ್ನೂ ಒಂದೇ ಮರದಲ್ಲಿ ಗುರುತಿಲ್ಲದೆ ಕಲಸಿದ ಮಾಡೆಲ್‌ಗಳಲ್ಲಿ ಇಂಥ ಹುಸಿ ಘರ್ಷಣೆಗಳು ತುಂಬಾ. ಫೀಚರ್‌ಗೆ ಒಂದು ‘ಬಂಧನ ಕಾಲ’ ಗುಣಲಕ್ಷಣ ಸೇರಿಸಿ. ಯುವಿಎಲ್‌ನಲ್ಲಿ ಫೀಚರ್ ಹೆಸರಿನ ಮುಂದೆ ಗುಣಲಕ್ಷಣ ಬರೆಯಲು ಜಾಗವಿದೆ.

ಇನ್ನು ‘ಸೆಲೆಕ್ಟ್’. ಕೆಕಾನ್ಫಿಗ್‌ನಲ್ಲಿ ಅತಿ ಹೆಚ್ಚು ಕಾಡುವ ಪದ ಇದೇ. ‘ಡಿಪೆಂಡ್ಸ್ ಆನ್’ ಎಂದರೆ ಶರತ್ತು ಕೂಡಿಬಂದಾಗ ಮಾತ್ರ ಆಯ್ಕೆ ಕಾಣುತ್ತದೆ. ‘ಸೆಲೆಕ್ಟ್’ ಹಾಗಲ್ಲ, ಗುರಿಯ ಸಿಂಬಲ್‌ನ (ಕೆಕಾನ್ಫಿಗ್‌ನಲ್ಲಿ ಒಂದೊಂದು ಆಯ್ಕೆಯ ಹೆಸರು) ಅವಲಂಬನೆಗಳನ್ನು ಕೇಳದೆ ಅದನ್ನು ಆನ್ ಮಾಡುತ್ತದೆ. ವೈಫೈಗೆ ‘ಡಿಪೆಂಡ್ಸ್ ಆನ್ ರೇಡಿಯೊಚಿಪ್’ ಇದ್ದು ಆ ಚಿಪ್ ಆಫ್ ಆಗಿದ್ದರೂ ವೈಫೈ ಆನ್ ಆಗುತ್ತದೆ. ಅವಲಂಬನೆ ಪೂರೈಸಿಲ್ಲ ಎಂಬ ಎಚ್ಚರಿಕೆಯೊಂದು ಬಂದು, ಸಾವಿರ ಸಾಲುಗಳ ಬಿಲ್ಡ್ ಲಾಗ್‌ನಲ್ಲಿ ಕಣ್ಮರೆಯಾಗುತ್ತದೆ. ಲಿನಕ್ಸ್ ಕರ್ನಲ್‌ನ ದಾಖಲೆಗಳೇ ಹೇಳುವಂತೆ ‘ಸೆಲೆಕ್ಟ್’ ಬಳಸಬೇಕಾದ್ದು ಮೆನುವಿನಲ್ಲಿ ಕಾಣದ, ಸ್ವಂತ ಅವಲಂಬನೆ ಇಲ್ಲದ ಸಹಾಯಕ ಸಿಂಬಲ್‌ಗಳಿಗೆ. ಸಿಆರ್‌ಸಿ ಲೈಬ್ರರಿ ಥರದ್ದಕ್ಕೆ ಸರಿ. ವೈಫೈಗೆ ಅಲ್ಲ.

ನಿಮ್ಮಲ್ಲಿ ಯುವಿಎಲ್ ಮತ್ತು ಕೆಕಾನ್ಫಿಗ್ ಎರಡನ್ನೂ ಕೈಯಿಂದ ಬರೆಯುತ್ತಿದ್ದೀರಿ. ಅವು ಬೇರೆಬೇರೆ ದಾರಿ ಹಿಡಿದೇ ಹಿಡಿಯುತ್ತವೆ. ಒಂದನ್ನು ಮೂಲ ಮಾಡಿ, ಇನ್ನೊಂದನ್ನು ಸ್ಕ್ರಿಪ್ಟ್‌ನಿಂದ ಹುಟ್ಟಿಸಿ. ಕೆಕಾನ್ಫಿಗ್ ಓದಲು ಪೈಥಾನ್‌ನ ಕೆಕಾನ್ಫಿಗ್‌ಲಿಬ್ ಇದೆ. ಪರಿವರ್ತಿಸುವಾಗ ಎರಡು ಕಡೆ ಎಡವುತ್ತಾರೆ. ಮೆನುವಿನಲ್ಲಿ ಕಾಣುವ ಸಿಂಬಲ್‌ನ ‘ಡಿಫಾಲ್ಟ್’ ಬರೀ ಸಲಹೆ, ಅದನ್ನು ನಿರ್ಬಂಧವಾಗಿ ಬರೆದರೆ ಬದುಕಿರುವ ಫೀಚರ್‌ಗಳು ಸಾಯುತ್ತವೆ. ಪ್ರಾಂಪ್ಟ್ ಇಲ್ಲದ, ಅಂದರೆ ಮೆನುವಿನಲ್ಲಿ ಕಾಣದ, ಸಿಂಬಲ್‌ನಲ್ಲಿ ಅದು ಉಲ್ಟಾ: ಬಳಕೆದಾರರು ಅದನ್ನು ಬದಲಿಸಲಾರರು, ಆದ್ದರಿಂದ ಅದರ ಡಿಫಾಲ್ಟ್ ಮತ್ತು ಸೆಲೆಕ್ಟ್‌ಗಳೇ ಅದರ ವ್ಯಾಖ್ಯೆ, ‘ಆದರೆ ಮತ್ತು ಆದರೆ ಮಾತ್ರ’ ಎಂದು ಎರಡೂ ದಿಕ್ಕಿಗೆ ಬರೆಯಬೇಕು.

ನೂಲುಹುರಿ:

ಮೂರನೇ ಪ್ರಶ್ನೆಗೆ: ಎಲ್ಲವನ್ನೂ ಆನ್ ಮಾಡಿದ ಒಂದು ಬಿಲ್ಡ್, ಎಲ್ಲವನ್ನೂ ಆಫ್ ಮಾಡಿದ ಒಂದು ಬಿಲ್ಡ್. ಕರ್ನಲ್‌ನ ಆಲ್‌ಯೆಸ್‌ಕಾನ್ಫಿಗ್, ಆಲ್‌ನೋಕಾನ್ಫಿಗ್ ಥರ. ಎರಡೂ ಪಾಸಾದರೆ ಬಹುತೇಕ ಮುಗಿದಂತೆ. ಇದಕ್ಕಿಂತ ಹೆಚ್ಚಿನದು ಪ್ರಬಂಧ ಬರೆಯುವವರಿಗೆ.

ತರ್ಕಜಾಲ:

ನೂಲುಹುರಿಯವರೇ, ಈ ಮಾಡೆಲ್‌ನಲ್ಲೇ ಅದು ಸಾಲುವುದಿಲ್ಲ. ‘ಎಲ್ಲ ಆನ್’ ಎಂಬ ಉತ್ಪನ್ನ ಇಲ್ಲಿ ಸಾಧ್ಯವೇ ಇಲ್ಲ: ಫ್ಲ್ಯಾಶ್, ಎಸ್‌ಡಿಕಾರ್ಡ್ ಎರಡೂ ಒಟ್ಟಿಗೆ ಬರವು, ಲೋಪವರ್ ಇದ್ದರೆ ವೈಫೈ ಬರದು. ಆದಷ್ಟು ಹೆಚ್ಚು ಆನ್ ಮಾಡಿದ ಬಿಲ್ಡ್‌ನಲ್ಲಿ ಲೋಪವರ್ ಆಫ್ ಇರುತ್ತದೆ, ಆದಷ್ಟು ಕಡಿಮೆ ಆನ್ ಮಾಡಿದ್ದರಲ್ಲೂ ಆಫ್. ಅಂದರೆ ಆ ಫೀಚರ್‌ನ ಒಂದು ಸಾಲೂ ಕಂಪೈಲ್ ಆಗುವುದಿಲ್ಲ. ‘ಎ ಇದೆ, ಬಿ ಇಲ್ಲ’ ಎಂಬ ಜೋಡಿಗಳೂ ತಪ್ಪಿಹೋಗುತ್ತವೆ, ಮತ್ತು ಬೇರೆ ಯಾರೋ ಸೇರಿಸಿಕೊಂಡ ಹೆಡರ್‌ನ ದಯೆಯಿಂದ ಕಂಪೈಲ್ ಆಗುವ ಫೈಲ್‌ಗಳು ಸಿಕ್ಕಿಬೀಳುವುದು ಅಲ್ಲೇ.

ಎಲ್ಲವನ್ನೂ ಟೆಸ್ಟ್ ಮಾಡುವ ಆಸೆಯನ್ನಂತೂ ಬಿಡಬೇಕು. ಒಂದಕ್ಕೊಂದು ಸಂಬಂಧವಿಲ್ಲದ 33 ಐಚ್ಛಿಕ ಫೀಚರ್‌ಗಳಿದ್ದರೆ ಉತ್ಪನ್ನಗಳು 858 ಕೋಟಿ ದಾಟುತ್ತವೆ, ಭೂಮಿಯ ಮೇಲಿನ ಒಬ್ಬೊಬ್ಬರಿಗೂ ಒಂದು ಕೊಟ್ಟು ಮಿಗುವಷ್ಟು. ನಡುವಿನ ದಾರಿ ಜೋಡಿ ವ್ಯಾಪ್ತಿ: ಯಾವುದೇ ಎರಡು ಫೀಚರ್ ತೆಗೆದುಕೊಂಡರೂ, ಇದೆ–ಇದೆ, ಇದೆ–ಇಲ್ಲ, ಇಲ್ಲ–ಇದೆ, ಇಲ್ಲ–ಇಲ್ಲ, ಇವುಗಳಲ್ಲಿ ಮಾಡೆಲ್ ಒಪ್ಪುವ ಪ್ರತಿಯೊಂದೂ ಕನಿಷ್ಠ ಒಂದು ಬಿಲ್ಡ್‌ನಲ್ಲಿ ಬರಬೇಕು. ಐದನೇ ನಿರ್ಬಂಧ ತೆಗೆದ ಮೇಲೆ ಉಳಿಯುವ 96 ಉತ್ಪನ್ನಗಳಿಗೆ ಈ ಆರು ಸಾಕು (ಹೆಸರಿಸದ್ದು ಆಫ್):

ಅ) ಫ್ಲ್ಯಾಶ್, ಬ್ಲೂಟೂತ್, ಲೋಪವರ್
ಆ) ಎಸ್‌ಡಿಕಾರ್ಡ್, ಸೆಲ್ಯುಲಾರ್, ಒಟಿಎ, ಎನ್‌ಕ್ರಿಪ್ಶನ್, ಲೋಪವರ್
ಇ) ಎಸ್‌ಡಿಕಾರ್ಡ್, ಬ್ಲೂಟೂತ್, ಸೆಲ್ಯುಲಾರ್, ಎನ್‌ಕ್ರಿಪ್ಶನ್, ಡಿಸ್‌ಪ್ಲೇ
ಈ) ಫ್ಲ್ಯಾಶ್, ಬ್ಲೂಟೂತ್, ವೈಫೈ, ಒಟಿಎ, ಎನ್‌ಕ್ರಿಪ್ಶನ್, ಡಿಸ್‌ಪ್ಲೇ
ಉ) ಎಸ್‌ಡಿಕಾರ್ಡ್, ವೈಫೈ
ಊ) ಫ್ಲ್ಯಾಶ್, ವೈಫೈ, ಸೆಲ್ಯುಲಾರ್, ಡಿಸ್‌ಪ್ಲೇ

ಬೇಕಾದರೆ ಪರೀಕ್ಷಿಸಿ: ‘ಬ್ಲೂಟೂತ್ ಇಲ್ಲ, ಸೆಲ್ಯುಲಾರ್ ಇಲ್ಲ’ ಉನಲ್ಲಿದೆ, ‘ಎನ್‌ಕ್ರಿಪ್ಶನ್ ಇದೆ, ಒಟಿಎ ಇಲ್ಲ’ ಇನಲ್ಲಿದೆ, ‘ಡಿಸ್‌ಪ್ಲೇ ಇದೆ, ಎನ್‌ಕ್ರಿಪ್ಶನ್ ಇಲ್ಲ’ ಊನಲ್ಲಿದೆ. ಪೂರ್ತಿ ಅರವತ್ತು ಫೀಚರ್‌ಗಳಿಗೆ ಇದನ್ನು ಕೈಯಿಂದ ಮಾಡಬೇಡಿ. ಫೀಚರ್‌ಐಡಿಇಯ ಉತ್ಪನ್ನ ಹುಟ್ಟಿಸುವ ಭಾಗದಲ್ಲಿ ಟಿ-ವೈಸ್ ಆಯ್ಕೆ ಇದೆ, ಟಿ ಬೆಲೆ 2 ಕೊಡಿ. ನಿರ್ಬಂಧಗಳನ್ನು ಅರಿಯದ ಸಾಮಾನ್ಯ ಪೇರ್‌ವೈಸ್ ಟೂಲ್ ಬಳಸಿದರೆ ಹಲವು ಸಾಲುಗಳು ಅಮಾನ್ಯವಾಗಿರುತ್ತವೆ. ಅವನ್ನು ಎಸೆದರೆ ಜೊತೆಗಿದ್ದ ಒಳ್ಳೆಯ ಜೋಡಿಗಳೂ ಹೋಗುತ್ತವೆ.

ಇದರ ಮಿತಿಯೂ ಈ ಆರರಲ್ಲೇ ಕಾಣುತ್ತದೆ. ಮೂರೂ ರೇಡಿಯೊ ಒಟ್ಟಿಗೆ ಇರುವ ಬಿಲ್ಡ್ ಒಂದೂ ಇಲ್ಲ. ಎಸ್‌ಡಿಕಾರ್ಡ್, ಬ್ಲೂಟೂತ್, ವೈಫೈ ಕೂಡಿದ್ದೂ ಇಲ್ಲ. ಫೈಲ್ ಸಿಸ್ಟಂ ಬಫರ್, ಎರಡು ರೇಡಿಯೊ ಸ್ಟ್ಯಾಕ್‌ಗಳ ಹೀಪ್, ಈ ಮೂರೂ ಸೇರಿದಾಗ ಮಾತ್ರ ರ್‍ಯಾಮ್ ಮುಗಿಯುವ ದೋಷ ಜೋಡಿ ವ್ಯಾಪ್ತಿಗೆ ಸಿಗದು. ಹಾಗಾಗಿ ಏಳನೆಯದಾಗಿ ಲೋಪವರ್ ಮತ್ತು ಫ್ಲ್ಯಾಶ್ ಬಿಟ್ಟು ಉಳಿದದ್ದೆಲ್ಲ ಇರುವ ಬಿಲ್ಡ್ ಸೇರಿಸಿ. ಮೆಮೊರಿ ಗಾತ್ರದ ಮಟ್ಟಿಗೆ ನೂಲುಹುರಿಯವರ ಮಾತು ಸರಿಯೇ. ಗ್ರಾಹಕರಿಗೆ ನಿಜಕ್ಕೂ ಹೋಗುವ ಕಾನ್ಫಿಗರೇಶನ್‌ಗಳು ಇದರ ಹೊರತಾಗಿ ಯಾವಾಗಲೂ ಪಟ್ಟಿಯಲ್ಲಿರಬೇಕು, ಅದರಲ್ಲಿ ಚೌಕಾಶಿ ಇಲ್ಲ.

ಕವಲು_ಕೋಡು:

ಐದನೆಯದನ್ನು ತೆಗೆದು ಕೋಡ್ ಬೇರ್ಪಡಿಸುವುದು ಸರಿ ಎನಿಸುತ್ತಿದೆ. ಒಂದು ವಿಚಿತ್ರ: ಲೋಪವರ್ ಉತ್ಪನ್ನದ ಡೆಫ್‌ಕಾನ್ಫಿಗ್‌ನಲ್ಲಿ (ಆ ಉತ್ಪನ್ನಕ್ಕೆ ಬೇಕೆಂದು ಕೇಳಿದ ಆಯ್ಕೆಗಳ ಫೈಲ್) ‘ಲೋಪವರ್=ವೈ’ ಇದ್ದೇ ಇತ್ತು, ಬಿಲ್ಡ್ ದೋಷವಿಲ್ಲದೆ ಮುಗಿಯಿತು, ಆದರೆ ಹೊರಬಂದ ಇಮೇಜ್‌ನಲ್ಲಿ ಲೋಪವರ್ ಇರಲಿಲ್ಲ. ದೋಷ ಬರಬೇಕಿತ್ತಲ್ಲವೇ? ಇನ್ನೊಂದು, #ಇಫ್‌ಡೆಫ್ ಪ್ರಶ್ನೆ ಹಾಗೇ ಉಳಿದಿದೆ. ಕೋಡ್‌ನಲ್ಲಿ ‘ಗ್ರಾಹಕ_3’ ಥರದ ಮ್ಯಾಕ್ರೊಗಳೂ ಇವೆ, ಅವೂ ಮಾಡೆಲ್‌ಗೆ ಬರಬೇಕೇ?

ಬಿಲ್ಡ್_ಬಡಗಿ:

ದೋಷ ಬರುವುದಿಲ್ಲ. ಅವಲಂಬನೆ ಪೂರೈಸದ ಸಿಂಬಲ್‌ಗೆ ಡೆಫ್‌ಕಾನ್ಫಿಗ್ ಕೊಟ್ಟ ಬೆಲೆಯನ್ನು ಕೆಕಾನ್ಫಿಗ್ ತೆಪ್ಪಗೆ ಬಿಟ್ಟುಬಿಡುತ್ತದೆ. ಕೇಳಿದ್ದನ್ನೂ ಸಿಕ್ಕಿದ್ದನ್ನೂ ನೀವೇ ಹೋಲಿಸಬೇಕು: ಡೆಫ್‌ಕಾನ್ಫಿಗ್‌ನ ಪ್ರತಿ ಸಾಲೂ ಕೊನೆಯ ಡಾಟ್‌ಕಾನ್ಫಿಗ್‌ನಲ್ಲಿ (ಬಿಲ್ಡ್ ನಿಜಕ್ಕೂ ಬಳಸುವ ಆಯ್ಕೆಗಳ ಫೈಲ್) ಹಾಗೇ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಬಿಲ್ಡ್ ನಿಲ್ಲಿಸುವ ಹತ್ತು ಸಾಲಿನ ಸ್ಕ್ರಿಪ್ಟ್ ಸಾಕು. ಕರ್ನಲ್ ಮರದಲ್ಲಿರುವ ಮರ್ಜ್_ಕಾನ್ಫಿಗ್ ಸ್ಕ್ರಿಪ್ಟ್ ಈ ಹೋಲಿಕೆ ಮಾಡಿ, ಕೇಳಿದ ಬೆಲೆ ಬರಲಿಲ್ಲವೆಂದು ಹೇಳುತ್ತದೆ. ಎಚ್ಚರಿಕೆಯಾಗಿ ಬಿಡದೆ ದೋಷವಾಗಿಸಿ.

ಗ್ರಾಹಕ_3 ಮಾಡೆಲ್‌ಗೆ ಬರಬಾರದು, ಕೋಡ್‌ನಲ್ಲೂ ಇರಬಾರದು. ಗ್ರಾಹಕ ಎಂದರೆ ಒಂದು ಕಾನ್ಫಿಗರೇಶನ್ ಫೈಲ್, ಫೀಚರ್ ಅಲ್ಲ. ಆ ಮ್ಯಾಕ್ರೊ ಇರುವ ಪ್ರತಿ ಜಾಗದಲ್ಲೂ ‘ಇವರಿಗೆ ಇಲ್ಲಿ ಬೇರೆ ಏನಾಗುತ್ತದೆ’ ಎಂದು ಕೇಳಿ. ಉತ್ತರ ‘ತಾಪಮಾನವನ್ನು ಹತ್ತು ಪಟ್ಟು ಮಾಡಿ ಪೂರ್ಣಾಂಕವಾಗಿ ಕಳಿಸುತ್ತದೆ’ ಎಂದಾದರೆ ಫೀಚರ್‌ನ ಹೆಸರು ಅದೇ. ಹೀಗೆ ಬಿಡಿಸಿದಾಗ ಒಂದು ಗ್ರಾಹಕ ಮ್ಯಾಕ್ರೊ ಸಾಮಾನ್ಯವಾಗಿ ಮೂರು ನಾಲ್ಕು ಫೀಚರ್ ಆಗುತ್ತದೆ, ಅವುಗಳಲ್ಲಿ ಒಂದೆರಡು ಆಗಲೇ ಬೇರೆ ಹೆಸರಿನಲ್ಲಿ ಇರುತ್ತವೆ.

#ಇಫ್‌ಡೆಫ್ ಪರೀಕ್ಷೆಗೆ, ಪ್ರತಿ ಬ್ಲಾಕ್‌ನ ‘ಇರುವ ಶರತ್ತು’ ತೆಗೆಯಿರಿ: ಸುತ್ತಲಿನ ಎಲ್ಲ #ಇಫ್‌ಗಳನ್ನೂ, ಎಲ್ಸ್ ಬಂದಲ್ಲಿ ನಿಷೇಧವನ್ನೂ ‘ಮತ್ತು’ ಹಾಕಿ ಜೋಡಿಸಿದ ಸೂತ್ರ. ಫೈಲ್ ಕಂಪೈಲ್ ಆಗಬೇಕಾದರೆ ಮೇಕ್‌ಫೈಲ್ ಇಡುವ ಶರತ್ತನ್ನೂ ಸೇರಿಸಿ, ಇದನ್ನು ಮರೆಯುವವರೇ ಹೆಚ್ಚು. F ಜೊತೆ ಅದಕ್ಕೆ ಉತ್ತರವಿಲ್ಲದಿದ್ದರೆ ಆ ಬ್ಲಾಕ್ ಯಾವ ಉತ್ಪನ್ನಕ್ಕೂ ಹೋಗುವುದಿಲ್ಲ. ಹೊರಗಿನ ಶರತ್ತು ನಿಜವಾದಾಗಲೆಲ್ಲ ಬ್ಲಾಕ್ ಕೂಡ ನಿಜವಾದರೆ ಆ #ಇಫ್ ಅನಗತ್ಯ. ಲಿನಕ್ಸ್‌ಗಾಗಿ ಬರೆದ ಅಂಡರ್‌ಟೇಕರ್ ಎಂಬ ಟೂಲ್ ಮಾಡುವುದು ಇದನ್ನೇ.

ಅಷ್ಟು ದೂರ ಹೋಗುವ ಮೊದಲು ಅಗ್ಗದ ಕೆಲಸ ಒಂದಿದೆ. #ಇಫ್‌ಡೆಫ್‌ನಲ್ಲಿ ಹೆಸರಿನ ಅಕ್ಷರ ತಪ್ಪಿದರೆ ಕಂಪೈಲರ್ ಅದನ್ನು ‘ಇಲ್ಲ’ ಎಂದೇ ಓದುತ್ತದೆ, ಚಕಾರ ಎತ್ತುವುದಿಲ್ಲ. ಪ್ರತಿ ಫೀಚರ್ ಮ್ಯಾಕ್ರೊವನ್ನೂ 0 ಅಥವಾ 1 ಎಂದು ಘೋಷಿಸಿ, #ಇಫ್‌ಡೆಫ್ ಬದಲು #ಇಫ್ ಬಳಸಿ, ಜಿಸಿಸಿ ಅಥವಾ ಕ್ಲ್ಯಾಂಗ್‌ನ ಡಬ್ಲ್ಯುಅನ್‌ಡೆಫ್ ಎಚ್ಚರಿಕೆಯನ್ನು (#ಇಫ್‌ನಲ್ಲಿ ಘೋಷಿಸದ ಹೆಸರು ಕಂಡಾಗ ಬರುವುದು) ದೋಷವಾಗಿಸಿ. ತಪ್ಪು ಹೆಸರುಗಳೆಲ್ಲ ಒಂದೇ ಬಿಲ್ಡ್‌ನಲ್ಲಿ ಹೊರಬರುತ್ತವೆ. ಫಂಕ್ಷನ್ ಒಳಗಿನ ಶರತ್ತುಗಳಿಗೆ ಸಾಧ್ಯವಾದಲ್ಲೆಲ್ಲ ಸಾಮಾನ್ಯ ಸಿ ‘ಇಫ್’ ಬಳಸಿ, ಕರ್ನಲ್‌ನ ಈಸ್_ಎನೇಬಲ್ಡ್ ಮ್ಯಾಕ್ರೊ ಮಾಡುವಂತೆ. ಆಫ್ ಇರುವ ಕವಲನ್ನೂ ಕಂಪೈಲರ್ ಪರಿಶೀಲಿಸುತ್ತದೆ, ಆಮೇಲೆ ಆಪ್ಟಿಮೈಸರ್ ಕಿತ್ತುಹಾಕುತ್ತದೆ. ಸ್ಟ್ರಕ್ಟ್‌ನ ಸದಸ್ಯವೇ ಶರತ್ತಿಗೆ ಒಳಪಟ್ಟಿದ್ದರೆ ಮಾತ್ರ ಇದು ನಡೆಯುವುದಿಲ್ಲ.

ತರ್ಕಜಾಲ:

ಒಂದು ಸೇರ್ಪಡೆ. ಐದನೇ ಸಾಲು ಮರ್ಜ್ ಆಗುವ ಮುನ್ನವೇ ಸಿಕ್ಕಿಬೀಳಬೇಕಿತ್ತು. ಹಳೆಯ ಮಾಡೆಲ್ ಹ, ಹೊಸದು ನ ಆದರೆ ಸಾಲ್ವರ್‌ಗೆ ಎರಡು ಪ್ರಶ್ನೆ: ‘ಹ ∧ ¬ನ’ ಗೆ ಉತ್ತರವಿದ್ದರೆ ಉತ್ಪನ್ನಗಳು ಹೋಗಿವೆ, ‘ನ ∧ ¬ಹ’ ಗೆ ಉತ್ತರವಿದ್ದರೆ ಹೊಸವು ಬಂದಿವೆ. ಎರಡಕ್ಕೂ ಇಲ್ಲದಿದ್ದರೆ ಬರೀ ಮರುಜೋಡಣೆ. ನಿಮ್ಮ ಬದಲಾವಣೆಯಲ್ಲಿ ಮೊದಲನೆಯದಕ್ಕೆ ಮಾತ್ರ ಉತ್ತರವಿದೆ, ಸಾಲ್ವರ್ ಕೊಡುವ ಉದಾಹರಣೆ ‘ಫ್ಲ್ಯಾಶ್, ಬ್ಲೂಟೂತ್, ಲೋಪವರ್’ ಥರದ್ದಾಗಿರುತ್ತದೆ. ಮರ್ಜ್ ವಿನಂತಿಯಲ್ಲಿ ಆ ಒಂದು ಉದಾಹರಣೆ ಕಂಡಿದ್ದರೆ ಯಾರಾದರೂ ಕೇಳುತ್ತಿದ್ದರು. ಫೀಚರ್ ಸೇರಿಸಿದ ಅಥವಾ ತೆಗೆದ ಬದಲಾವಣೆಯಲ್ಲಿ, ಒಂದರಲ್ಲಿ ಇಲ್ಲದ ಫೀಚರ್ ಅಲ್ಲಿ ಆಫ್ ಎಂದು ಮೊದಲು ಸೇರಿಸಿಕೊಳ್ಳಿ, ಇಲ್ಲವಾದರೆ ಉತ್ತರಕ್ಕೆ ಅರ್ಥವಿರದು.

ಸಾಗಿಸಿದ ಉತ್ಪನ್ನಗಳ ಕಾನ್ಫಿಗರೇಶನ್‌ಗಳನ್ನು ಪೂರ್ತಿ ರೂಪದಲ್ಲೂ ಇಟ್ಟುಕೊಳ್ಳಿ. ಕೆಕಾನ್ಫಿಗ್‌ನ ಸೇವ್‌ಡೆಫ್‌ಕಾನ್ಫಿಗ್ ಆದೇಶ ಕೊಡುವುದು ಡಿಫಾಲ್ಟ್‌ಗಿಂತ ಭಿನ್ನವಾದ ಸಾಲುಗಳನ್ನಷ್ಟೇ. ಓದಲು ಚೆಂದ, ಆದರೆ ನಾಳೆ ಯಾರೋ ಎನ್‌ಕ್ರಿಪ್ಶನ್‌ನ ಡಿಫಾಲ್ಟ್ ಬದಲಿಸಿದರೆ ಫೈಲ್‌ನ ಒಂದಕ್ಷರವೂ ಕದಲದೆ ಉತ್ಪನ್ನ ಬದಲಾಗಿರುತ್ತದೆ.

ಕವಲು_ಕೋಡು:

ಹೋಲಿಕೆ ಸ್ಕ್ರಿಪ್ಟ್ ಹಾಕಿ ಎಲ್ಲ ಡೆಫ್‌ಕಾನ್ಫಿಗ್‌ಗಳ ಮೇಲೆ ಓಡಿಸಿದಾಗ ಲೋಪವರ್ ಜೊತೆಗೆ ಇನ್ನೆರಡು ಸಿಂಬಲ್ ಬಿದ್ದುಹೋಗಿರುವುದು ಕಂಡಿತು. ಎರಡೂ ಕಡೆ ಕಾರಣ ಮತ್ತೊಂದು ‘ಸೆಲೆಕ್ಟ್’. ಡಬ್ಲ್ಯುಅನ್‌ಡೆಫ್ ಇನ್ನೂ ಹಾಕಬೇಕಿದೆ.